ದಸರಾ ರಜೆಯ ಹಾಜರಿ

ನಮ್ಮ ಕನ್ನಡ ಸಂಘದ ಹುಡುಗಿಯೊಬ್ಬಳು ಮೊನ್ನೆ ನನ್ನ ಹಳೆಯ ಕೆಲಸಕ್ಕೇ ಸೇರಿಕೊಂಡಳು. ಸೇರಿದ ವಾರವೇ ಫೋನ್ ಮಾಡಿ, "ಆಂಟಿ, ಏನಾದ್ರೂ ಟಿಪ್ಸ್ ಕೊಡಿ" ಎಂದಳು. ಟ್ರೈನಿಂಗಿನಲ್ಲಿ ಏನು ಹೇಳಿಕೊಟ್ಟರು ಎಂದು ಕೇಳಿದೆ. "ಎಂಪಥಿ" ಎಂದಳು. ಎರಡು ದಿನದಲ್ಲಿ, ಸ್ಯಾಂಡ್‌ವಿಚ್ ಊಟಕ್ಕೆ ಮೊದಲು ಅರ್ಧ, ಊಟವಾದ ಮೇಲೆ ಅರ್ಧ, ಪರರ ಕಷ್ಟ ಅರಿಯುವುದನ್ನು ಕಲಿಸಿ ಕಳಿಸಿದ್ದಾರೆ. ನನಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಲಸ ಇಷ್ಟೇ. ಈ ದೇಶದಲ್ಲಿ ಶಾಲೆ ನಡೆಯುತ್ತಿರುವಾಗ ಅಪ್ಪ ಅಮ್ಮ ಕಾರಣವಿಲ್ಲದೆ ಮಗುವನ್ನು ಬಿಡಿಸಿಕೊಂಡು ಹೋದರೆ ಅದು ಕಾನೂನಿಗೆ ವಿರುದ್ಧ. ಮೊದಲು ಪತ್ರ, ಆಮೇಲೆ ಮನೆಗೆ ಭೇಟಿ, ಆಮೇಲೆ ಎಚ್ಚರಿಕೆ, ಕೊನೆಗೆ ಕೋರ್ಟು ಮತ್ತು ದಂಡ. ಮನೆಗೆ ಭೇಟಿ ಕೊಡುತ್ತಿದ್ದವಳು ನಾನು. ಮೈಸೂರಿನಲ್ಲಿ ಹನ್ನೊಂದು ವರ್ಷ ಹೈಸ್ಕೂಲ್ ಮೇಡಂ ಆಗಿದ್ದವಳು, ಗಂಡನ ಹಿಂದೆ ಸಿಡ್ನಿಗೆ ಬಂದು, ನನ್ನ ಬಿ.ಎಡ್. ಇಲ್ಲಿ ಯಾರಿಗೂ ಬೇಡವಾಗಿ, ಕಡೆಗೆ ಈ ಹಾಜರಿ ಇಲಾಖೆಯಲ್ಲಿ ಸೇರಿದೆ. ಎರಡು ಸಾವಿರದ ದಶಕದ ಬಹುಪಾಲು ಸಿಡ್ನಿಯ ಪಶ್ಚಿಮದಲ್ಲಿ, ಕೊನೆಯ ಒಂದೆರಡು ವರ್ಷ ಮೆಲ್ಬರ್ನಿನಲ್ಲಿ ದುಡಿದೆ. ಬಡ್ತಿ ಗಿಡ್ತಿಯ ಕಥೆ ಬಿಡಿ. ಅದು ಯಾರಿಗೆ, ಯಾಕೆ ಸಿಗುತ್ತಿತ್ತು ಎಂದು ಬರೆದರೆ ಈ ಬರಹಕ್ಕೆ ಮರ್ಯಾದೆ ಉಳಿಯುವುದಿಲ್ಲ.

ನನ್ನ ಮೇಲಧಿಕಾರಿ ಬ್ಯಾರಿ. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೇಳುತ್ತಿದ್ದರು, ಅವನ ಕೈಕೆಳಗೆ ಕೆಲಸ ಮಾಡದವರು. ಪ್ರತಿ ಸೋಮವಾರ ಮೀಟಿಂಗಿನಲ್ಲಿ "ಒಂದೊಂದು ದಿನವೂ ಮುಖ್ಯ" ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದ. ಇಲ್ಲಿ ಚಳಿಗಾಲವಾದ ಆಗಸ್ಟಿನಲ್ಲಿ, ಶಾಲೆ ನಡೆಯುತ್ತಿರುವಾಗಲೇ ತನ್ನ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಹಿಮದಲ್ಲಿ ಜಾರಲು ಹೋಗುತ್ತಿದ್ದ. ವಾರಗಟ್ಟಲೆ. ವಾಪಸು ಬಂದವನ ಮೂಗಿನ ಚರ್ಮ ಸುಲಿದಿರುತ್ತಿತ್ತು. ಒಮ್ಮೆ ಕೇಳಿಯೇಬಿಟ್ಟೆ. "ಅದು ಫ್ಯಾಮಿಲಿ ಟೈಮ್" ಎಂದ. ನಮ್ಮವರು ಊರಿಗೆ ಹೋದರೆ ಗೈರುಹಾಜರಿ, ಅವನು ಗುಡ್ಡ ಹತ್ತಿದರೆ ಫ್ಯಾಮಿಲಿ ಟೈಮ್.

ಹಾಗೆಂದು ನಮ್ಮವರೇನು ಸತ್ಯಹರಿಶ್ಚಂದ್ರರಲ್ಲ. ಡಿಸೆಂಬರಿನಲ್ಲಿ ಟಿಕೆಟ್ ದುಬಾರಿ ಎಂದು ನವೆಂಬರಿನಲ್ಲೇ ವಿಮಾನ ಹತ್ತುವವರು, "ಅಜ್ಜಿ ಸೀರಿಯಸ್" ಎಂದು ಬರೆದು ಹೋಗುವವರು. ಬದುಕಿರುವವರನ್ನು ಸತ್ತರು ಎನ್ನಲು ನಮ್ಮವರಿಗೆ ಬಾಯಿ ಬರುವುದಿಲ್ಲ, ಅಪಶಕುನ. ಹಾಗಾಗಿ ಅಜ್ಜಿಯರು ಪ್ರತಿ ವರ್ಷ ನವೆಂಬರಿನಲ್ಲಿ ಸೀರಿಯಸ್ಸಾಗಿ ಜನವರಿಯಲ್ಲಿ ಗುಣವಾಗುತ್ತಿದ್ದರು. ಒಬ್ಬ ತಾಯಿಯ ಮೊಬೈಲಿಗೆ ಮಧ್ಯಾಹ್ನ ಹನ್ನೆರಡಕ್ಕೆ ಫೋನ್ ಮಾಡಿದೆ. ರಿಂಗಾಗುವ ಸದ್ದೇ ಬೇರೆ ಇತ್ತು. "ಮಗಳಿಗೆ ಹೊಟ್ಟೆ ಸರಿಯಿಲ್ಲ ಮೇಡಂ, ಇಲ್ಲೇ ಮಲಗಿದ್ದಾಳೆ" ಎಂದರು. ಅವರ ಹಿಂದಿನಿಂದ ಒಬ್ಬಳು, "ಮೆಂತ್ಯ ಸೊಪ್ಪು, ದಂಟಿನ ಸೊಪ್ಪು, ಸಬ್ಬಕ್ಕಿ ಸೊಪ್ಪೋ" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. "ಸಬ್ಬಕ್ಕಿ ಸೊಪ್ಪು ತಗೊಳ್ಳಿ, ಇಲ್ಲಿ ಸಿಗಲ್ಲ" ಎಂದು ಹೇಳಿ ಫೋನಿಟ್ಟೆ.

ಇನ್ನೊಂದು ಬಗೆಯವರಿದ್ದರು, ಓದಿಸುವುದಕ್ಕಾಗಿಯೇ ಶಾಲೆ ತಪ್ಪಿಸುವವರು. ಸಿಡ್ನಿಯಲ್ಲಿ ಆರನೇ ಕ್ಲಾಸಿನ ಮಕ್ಕಳಿಗೆ ಸೆಲೆಕ್ಟಿವ್ ಹೈಸ್ಕೂಲಿನ ಪ್ರವೇಶ ಪರೀಕ್ಷೆಯುಂಟು. ಅದು ಹತ್ತಿರ ಬಂದ ಹಾಗೆ ನಮ್ಮ ಮಕ್ಕಳಿಗೆ ಒಟ್ಟೊಟ್ಟಿಗೆ ಜ್ವರ ಬರುತ್ತಿತ್ತು. ಒಂದು ಮನೆಗೆ ಹೋದೆ. ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಜ್ವರ ಬಂದ ಏಳು ಮಕ್ಕಳು ಸಾಲಾಗಿ ಕೂತು ಲೆಕ್ಕ ಮಾಡುತ್ತಿದ್ದರು. ಮನೆಯೊಡತಿ ನಾಚಿಕೊಳ್ಳಲಿಲ್ಲ. "ಸ್ಕೂಲಲ್ಲಿ ಏನ್ ಹೇಳ್ಕೊಡ್ತಾರೆ ಆಂಟಿ? ಬರೀ ಕಲರಿಂಗು. ನೀವೂ ಟೀಚರ್ ಆಗಿದ್ದೋರು, ನಿಮಗೇ ಗೊತ್ತಲ್ವಾ" ಎಂದಳು. ಪಾಠ ಹೇಳುತ್ತಿದ್ದ ಮೇಷ್ಟ್ರ ಮುಖ ನೋಡಿದೆ. ಪಕ್ಕದ ಸಬರ್ಬಿನ ಸರಕಾರಿ ಶಾಲೆಯ ಗಣಿತದ ಮೇಷ್ಟ್ರು, ಬೆನ್ನುನೋವೆಂದು ಸಿಕ್ ಲೀವ್ ಹಾಕಿದ್ದರು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಬ್ಯಾರಿಗೆ ವರದಿ ಕೊಟ್ಟೆ. ಮೇಷ್ಟ್ರ ವಿಷಯ ಬೇರೆ ಇಲಾಖೆಗೆ ಸೇರಿದ್ದು, ನಮಗೆ ಬೇಡ ಎಂದ. ಮಕ್ಕಳ ವಿಷಯ? ಪರೀಕ್ಷೆ ಮುಗಿದ ಮೇಲೆ ಅವರೇ ಬರುತ್ತಾರಲ್ಲ ಎಂದ. ಅವರಲ್ಲಿ ಮೂವರಿಗೆ ಸೀಟೂ ಸಿಕ್ಕಿತು, ಅವರ ಶಾಲೆ ಅದನ್ನು ತನ್ನ ಸಾಧನೆ ಎಂದು ನ್ಯೂಸ್‌ಲೆಟರಿನಲ್ಲಿ ಹಾಕಿಕೊಂಡಿತು.

ರೌಸ್ ಹಿಲ್‌ನಲ್ಲಿ ಒಬ್ಬ ಡಾಕ್ಟರಿದ್ದರು, ಬೆಂಗಳೂರು ಜಯನಗರದವರು. ವರ್ಷಕ್ಕೊಮ್ಮೆ ಇಬ್ಬರು ಹೆಣ್ಣುಮಕ್ಕಳನ್ನು ಏಳು ವಾರ ಇಂಡಿಯಾಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಒಂದು ವರ್ಷ ತಮ್ಮನ ಮದುವೆ, ಮತ್ತೊಂದು ವರ್ಷ ಅದೇ ತಮ್ಮನ ಗೃಹಪ್ರವೇಶ. ಆದರೆ ಅವರಿಗೆ ಫಾರ್ಮ್ ತುಂಬುವ ವಿದ್ಯೆ ಗೊತ್ತಿತ್ತು. ಮುಖ್ಯಶಿಕ್ಷಕರಿಗೆ ವಿನಾಯಿತಿ ಕೊಡುವ ಅಧಿಕಾರವಿತ್ತು, ಕಾರಣದ ಜಾಗದಲ್ಲಿ ಡಾಕ್ಟರು "ಸಾಂಸ್ಕೃತಿಕ ಶಿಕ್ಷಣ ಪ್ರವಾಸ" ಎಂದು ಟೈಪ್ ಮಾಡಿಸಿದ್ದರು. ಅದೇ ದಿನ ಸಹಿಯಾಗಿತ್ತು. ನಾನು ವಿಚಾರಿಸಲು ಹೋದಾಗ ನಗುನಗುತ್ತಾ ಕೂರಿಸಿದರು. "ನೀವು ನಮ್ಮೋರೇ ಅಲ್ವಾ ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ" ಎಂದರು. ಅವರ ಹೆಂಡತಿ ಫಿಲ್ಟರ್ ಕಾಫಿಯ ಜೊತೆ ಮೈಸೂರು ಪಾಕ್ ಇಟ್ಟರು. ಗರಿಗರಿಯಾಗಿತ್ತು, ಎರಡು ತಿಂದೆ. ಫೈಲಿನಲ್ಲಿ "ವಿನಾಯಿತಿ ಕ್ರಮಬದ್ಧವಾಗಿದೆ" ಎಂದು ಬರೆದೆ. ಇದನ್ನು ಬರೆಯುವಾಗ ನನ್ನ ಬಗ್ಗೆಯೇ ನನಗೆ ಹೇಸಿಗೆಯಾಗುತ್ತದೆ.

ಕೆಲಸದ ಕ್ರಮವೂ ಆ ವರ್ಷಗಳಲ್ಲಿ ಬದಲಾಯಿತು. ಮೊದಲು ಕಾಗದದ ಹಾಜರಿ ಪುಸ್ತಕವಿತ್ತು. ಟೀಚರುಗಳು ಪೆನ್ನಿನಲ್ಲಿ ಗುರುತು ಹಾಕಿ, ಅಂಚಿನಲ್ಲಿ "ನಾಯಿ ಕಚ್ಚಿದೆ", "ತಮ್ಮ ಹುಟ್ಟಿದ" ಎಂದೆಲ್ಲ ಬರೆದಿಡುತ್ತಿದ್ದರು. ಆ ಅಂಚು ಓದಿದರೆ ಅರ್ಧ ಕೇಸು ಅಲ್ಲಿಗೇ ಮುಗಿಯುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಅಂಚು ಹೋಯಿತು. ಮಗು ಬಂದಿದೆ ಅಥವಾ ಬಂದಿಲ್ಲ, ಅಷ್ಟೇ. ಬ್ಯಾರಿ ಇದನ್ನು ಪಾರದರ್ಶಕತೆ ಎಂದು ಕರೆಯುತ್ತಿದ್ದ.

ಈಗ ನಾನು ಹೇಳಬೇಕೆಂದು ಕೂತಿರುವ ಕೇಸಿಗೆ ಬರುತ್ತೇನೆ.

ಹ್ಯಾರಿಸ್ ಪಾರ್ಕ್ ಬಡಾವಣೆಯ ಒಂದು ತಿಂಡಿ ಹೋಟೆಲಿನಲ್ಲಿ ಶೈಲಜಾ ಎಂಬವರು ದೋಸೆ ಹುಯ್ಯುತ್ತಿದ್ದರು. ಬಂಟ್ವಾಳದ ಕಡೆಯವರು. ಗಂಡ ದಿನೇಶ್ ಸ್ಟೂಡೆಂಟ್ ಆಗಿ ಬಂದು ಓದು ಮುಗಿಸಿ ಒಂದು ಕಂಪನಿಯ ಹೆಲ್ಪ್ ಡೆಸ್ಕಿನಲ್ಲಿದ್ದ. ಪಿಆರ್‌ಗೆ, ಎಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿಗೆ, ಅರ್ಜಿ ಹಾಕಿ ಕಾಯುತ್ತಿದ್ದರು. ಮಗಳು ಸ್ವಾತಿ ಮೂರನೇ ಕ್ಲಾಸು. ಆ ಹುಡುಗಿ ನಾಲ್ಕನೇ ಟರ್ಮ್ ಪೂರ್ತಿ, ಎಂದರೆ ಅಕ್ಟೋಬರಿನಿಂದ ಕ್ರಿಸ್‌ಮಸ್‌ವರೆಗೆ, ಶಾಲೆಯಲ್ಲಿರಲಿಲ್ಲ. ವಿನಾಯಿತಿಯ ಫಾರ್ಮ್ ಇಲ್ಲ. ಕಂಪ್ಯೂಟರಿನಲ್ಲಿ ಸಾಲಾಗಿ ಗೈರು, ಗೈರು, ಗೈರು.

ಫೆಬ್ರವರಿಯಲ್ಲಿ ಅವರ ಫ್ಲ್ಯಾಟಿಗೆ ಹೋದೆ. ಶೈಲಜಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎಲ್ಲ ಹೇಳಿದರು. ಎರಡನೇ ಹೆರಿಗೆ, ಇಲ್ಲಿ ನೋಡಿಕೊಳ್ಳುವವರಿಲ್ಲ, ತಾಯಿಗೆ ವೀಸಾ ಸಿಗಲಿಲ್ಲ. ಹಾಗಾಗಿ ಬಾಣಂತನಕ್ಕೆ ತವರಿಗೆ ಹೋದರು. ಗಂಡನದು ಶಿಫ್ಟ್ ಕೆಲಸ, ಮಗಳನ್ನು ಬಿಟ್ಟುಹೋಗುವಂತಿರಲಿಲ್ಲ.

"ಲೀವ್ ಲೆಟರ್ ಕೊಟ್ಟಿದ್ದೆವು ಮೇಡಂ. ಕ್ಲಾಸ್ ಟೀಚರ್ ತಗೊಂಡು ಹ್ಯಾವ್ ಫನ್ ಅಂತ ಹೇಳಿದ್ರು. ಪರ್ಮಿಶನ್ ಸಿಕ್ಕಿತು ಅಂತ ಅಂದ್ಕೊಂಡೆವು" ಎಂದರು.

ನಮ್ಮೂರಿನಲ್ಲಿ ಲೀವ್ ಲೆಟರ್ ಕೊಟ್ಟರೆ ಮುಗಿಯಿತು. "ವಿತ್ ಡ್ಯೂ ರೆಸ್ಪೆಕ್ಟ್" ಎಂದು ಶುರುಮಾಡಿ "ಯುವರ್ಸ್ ಒಬಿಡಿಯೆಂಟ್ಲಿ" ಎಂದು ಮುಗಿಸಿದರೆ ದೇವರೂ ರಜೆ ಕೊಡುತ್ತಾನೆ. ಆ ಪತ್ರ ಟೀಚರ್ ಡ್ರಾಯರಿನಲ್ಲಿ ಉಳಿದು, ಟೀಚರ್ ಬೇರೆ ಶಾಲೆಗೆ ಹೋಗಿದ್ದಳು. ಇಷ್ಟೇ ಆಗಿದ್ದರೆ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದೆ.

ಆದರೆ ಶೈಲಜಾ ಇನ್ನೊಂದು ಕಾಗದ ತಂದು ಕೊಟ್ಟರು. ಊರಿನಲ್ಲಿ ಮಗಳು ಸುಮ್ಮನೆ ಕೂರಬಾರದೆಂದು ತಾವು ಓದಿದ ಕಾನ್ವೆಂಟಿನಲ್ಲೇ ಸೇರಿಸಿದ್ದರಂತೆ. ಅಲ್ಲಿಯ ಸ್ಟಡಿ ಸರ್ಟಿಫಿಕೇಟು. ದುಂಡನೆಯ ಸೀಲು, ಹಸಿರು ಶಾಯಿಯ ಸಹಿ. ಅಕ್ಟೋಬರಿನ ಆರಂಭದಿಂದ ಸ್ವಾತಿ ಕ್ರಮವಾಗಿ ಹಾಜರಾಗಿದ್ದಾಳೆ ಎಂದು ಬರೆದಿತ್ತು, ತಿಂಗಳುವಾರು ಹಾಜರಿಯ ದಿನಗಳೂ ಇದ್ದವು. ಅಕ್ಟೋಬರಿನ ಲೆಕ್ಕ ನೋಡಿದೆ. ಹೆಚ್ಚುಕಡಿಮೆ ತಿಂಗಳು ಪೂರ್ತಿ ಶಾಲೆ ನಡೆದಿದೆ!

ನನ್ನ ಮೈಯೆಲ್ಲ ಹುರುಪಾಯಿತು. ನಾನು ಮೈಸೂರಿನವಳು. ಅಕ್ಟೋಬರ್ ಎಂದರೆ ದಸರಾ, ದಸರಾ ಎಂದರೆ ರಜೆ. ಕರ್ನಾಟಕದಲ್ಲಿ ದಸರೆಗೆ ಬಾಗಿಲು ತೆರೆದಿಡುವ ಶಾಲೆ ಯಾವುದು? ನಮ್ಮವರಿಗೆ ಪರಿಚಯದ ಹೆಡ್‌ಮಾಸ್ಟರ ಕೈಯಲ್ಲಿ ಇಂಥ ಸರ್ಟಿಫಿಕೇಟು ಬರೆಸಿಕೊಳ್ಳುವುದು ಎಷ್ಟು ಸುಲಭ ಎಂದು ನನಗೆ ಗೊತ್ತಿಲ್ಲವೇ? ಹನ್ನೊಂದು ವರ್ಷ ಶಾಲೆಯಲ್ಲಿದ್ದವಳು ನಾನು.

"ದಸರಾ ರಜೆಯಲ್ಲಿ ಯಾವ ಶಾಲೆ ನಡೆಯುತ್ತೆ ಶೈಲಜಾ?" ಎಂದು ಕೇಳಿದೆ. ಆ ದನಿ ನನಗೆ ಈಗಲೂ ನೆನಪಿದೆ, ಕಾಪಿ ಹೊಡೆಯುವವರನ್ನು ಹಿಡಿಯುವ ದನಿ.

"ನಮ್ಮಲ್ಲಿ ದಸರಾಕ್ಕೆ ನಾಲ್ಕೈದು ದಿವಸ ಮಾತ್ರ ಮೇಡಂ. ಕಾನ್ವೆಂಟ್ ಅಲ್ವಾ, ಉಳಿದದ್ದು ಕ್ರಿಸ್‌ಮಸ್ಸಿಗೆ ಕೊಡ್ತಾರೆ. ನಾನು ಓದುವಾಗಲೂ ಹಾಗೇ ಇದ್ದದ್ದು. ಬೇಕಾದ್ರೆ ಸಿಸ್ಟರಿಗೆ ಒಂದು ಫೋನ್ ಮಾಡಿ ನೋಡಿ" ಎಂದು ನಂಬರು ಬರೆದು ಕೊಟ್ಟರು. ಸ್ವಾತಿ ಒಳಗಿನಿಂದ ಒಂದು ನೋಟ್‌ಬುಕ್ ತಂದು ನನ್ನ ಮುಂದೆ ಹಿಡಿದಳು. "ಐ ಡಿಡ್ ಆಲ್ ದ ಹೋಮ್‌ವರ್ಕ್" ಎಂದಳು. ನಾನು ತೆರೆಯಲಿಲ್ಲ. ಮೈಸೂರಿನವಳಿಗೆ ದಸರೆಯ ಪಾಠ ಹೇಳಲು ಬಂದಿದ್ದಾರೆ ಎಂದುಕೊಂಡು ನಂಬರಿನ ಚೀಟಿಯನ್ನು ಬ್ಯಾಗಿಗೆ ತುರುಕಿ ಎದ್ದು ಬಂದೆ.

ವರದಿಯಲ್ಲಿ "ಸಲ್ಲಿಸಿದ ದಾಖಲೆ ನಕಲಿ" ಎಂದು ಬರೆದೆ. ಅನುಮಾನ ಎಂದೂ ಬರೆಯಲಿಲ್ಲ, ನಕಲಿ ಎಂದೇ ಬರೆದೆ. ಬ್ಯಾರಿಗೆ ಹಬ್ಬವಾಯಿತು. ನಮ್ಮ ಕಚೇರಿ ಕೋರ್ಟಿಗೆ ಯಾರನ್ನೂ ಕಳಿಸುವುದಿಲ್ಲವೆಂದು ಮೇಲಿನವರು ಅವನನ್ನು ಬೈಯುತ್ತಿದ್ದರು. ಸೋಮವಾರದ ಮೀಟಿಂಗಿನಲ್ಲಿ ನನ್ನನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದ. ಸ್ಥಳೀಯ ಜ್ಞಾನ ಎಂದರೆ ಇದು ಎಂದ. ನಾನು ಬೀಗಿದೆ.

ಸಮನ್ಸ್ ಹೋದ ಮೂರನೇ ದಿನ ದಿನೇಶ್ ಕಚೇರಿಗೆ ಬಂದ. ಡ್ಯೂಟಿಯಿಂದ ನೇರ ಬಂದಿದ್ದ, ಕೊರಳಲ್ಲಿ ಇನ್ನೂ ಐಡಿ ಕಾರ್ಡಿತ್ತು. "ಫೈನ್ ಹಾಕಿ ಮೇಡಂ, ಕಟ್ತೇನೆ. ಆ ಫೋರ್ಜರಿ ಅಂತ ಬರೆದದ್ದು ಮಾತ್ರ ತೆಗೀರಿ. ಲಾಯರ್ ಹೇಳಿದ್ರು, ಕೋರ್ಟಲ್ಲಿ ಅದು ನಿಂತ್ರೆ ನಮ್ಮ ಪಿಆರ್ ಮುಗೀತು ಅಂತ. ಏಳು ವರ್ಷ ಆಯ್ತು ಮೇಡಂ ನಾವು ಬಂದು" ಎಂದ. ಅವನು ಅಳಲಿಲ್ಲ. ನಾನೇ, "ಕಾನೂನು ಎಲ್ಲರಿಗೂ ಒಂದೇ ಅಪ್ಪಾ" ಎಂದೆ. ರೌಸ್ ಹಿಲ್‌ನ ಮೈಸೂರು ಪಾಕ್ ತಿಂದ ಬಾಯಿಯಲ್ಲೇ.

ಅವನು ಹೋದ ಮೇಲೆ ಏನೋ ಕೊರೆಯಲು ಶುರುವಾಯಿತು. ಸುಳ್ಳು ಸರ್ಟಿಫಿಕೇಟು ತಂದವಳು ಶಾಲೆಯ ನಂಬರು ಯಾಕೆ ಕೊಡುತ್ತಾಳೆ? ಮಧ್ಯಾಹ್ನ ಬ್ಯಾಗು ಬುಡಮೇಲು ಮಾಡಿ ಚೀಟಿ ಹುಡುಕಿ ಫೋನ್ ಮಾಡಿದೆ. ಹೆಡ್ ಸಿಸ್ಟರ್ ಲೈನಿಗೆ ಬಂದರು. ನಾನು ಯಾರು, ಎಲ್ಲಿಂದ ಎಂದು ಹೇಳಿದೆ. ಹೌದು, ದಸರೆಗೆ ನಾಲ್ಕೇ ದಿನ ರಜೆ, ಉಳಿದದ್ದು ಕ್ರಿಸ್‌ಮಸ್ಸಿಗೆ ಎಂದರು. ಜಿಲ್ಲೆಯಲ್ಲಿ ಎಷ್ಟೋ ಮಿಶನ್ ಶಾಲೆಗಳದ್ದು ಹೀಗೇ ಎಂದರು.

"ಸ್ವಾತಿ ಉಂಟಲ್ಲ, ಒಳ್ಳೆ ಹುಡುಗಿ. ಕನ್ನಡ ಓದ್ಲಿಕ್ಕೆ ಕಲ್ತಿದ್ದಾಳೆ ಎರಡು ತಿಂಗಳಲ್ಲಿ. ನೀವು ಎಂತಕ್ಕೆ ಕೇಳುದು?" ಎಂದರು.

ಸುಮ್ಮನೆ ವಿಚಾರಿಸಲು ಎಂದು ಹೇಳಿ ಫೋನಿಟ್ಟೆ. ಕರ್ನಾಟಕವೆಂದರೆ ಮೈಸೂರು ಎಂದುಕೊಂಡವಳು ನಾನು. ನಮ್ಮವರನ್ನು ಬಲ್ಲೆ ಎಂಬ ಕೊಬ್ಬಿನಲ್ಲಿ ನಮ್ಮವರಲ್ಲಿ ನೂರಕ್ಕೊಬ್ಬಳು, ಮಗಳ ಓದು ಕೆಡಬಾರದೆಂದು ತುಂಬು ಬಸುರಿಯಾಗಿ ಶಾಲೆಗೆ ಅಲೆದು ಸೇರಿಸಿದವಳನ್ನು, ಕಳ್ಳಿ ಎಂದು ಬರೆದಿದ್ದೆ. ಬೇರೆ ಯಾವ ಆಫೀಸರನಾಗಿದ್ದರೂ ಆ ಸೀಲು ನೋಡಿ ಸುಮ್ಮನಾಗುತ್ತಿದ್ದ. ಅವನಿಗೆ ದಸರೆ ಗೊತ್ತಿರುತ್ತಿರಲಿಲ್ಲ.

ಬ್ಯಾರಿಯ ಬಳಿಗೆ ಹೋಗಿ ವರದಿ ವಾಪಸು ಪಡೆಯುತ್ತೇನೆ ಎಂದೆ. "ಸಿಸ್ಟಮ್ಮಿಗೆ ಹೋಗಿಬಿಟ್ಟಿದೆ ಮೇಟ್" ಎಂದು ಭುಜ ಕುಣಿಸಿದ. ತಿದ್ದುಪಡಿ ಬರೆದುಕೊಟ್ಟೆ, ಅದನ್ನು ಫೈಲಿನ ಕಟ್ಟಕಡೆಗೆ ಸಿಕ್ಕಿಸಿದ. ವಕೀಲರಿಗೆ ಕಳಿಸಲಿಲ್ಲ. ಚಪ್ಪಾಳೆ ತಟ್ಟಿಸಿದ ಕೇಸು ಬಿದ್ದುಹೋದರೆ ಅವನ ಮುಖ ಏನಾಗಬೇಕು?

ವಿಚಾರಣೆಯ ದಿನ ರಜೆ ಹಾಕಿ ಕೋರ್ಟಿಗೆ ಹೋದೆ. ಇಲಾಖೆಯ ವಕೀಲ ನನ್ನನ್ನು ಕಂಡು ನಮ್ಮ ಕಡೆಯ ಸಾಕ್ಷಿ ಬಂದಳು ಎಂದು ನಕ್ಕ. ಮ್ಯಾಜಿಸ್ಟ್ರೇಟರ ಮುಂದೆ ನಿಂತು, ದಾಖಲೆ ಅಸಲಿ, ತಪ್ಪು ನನ್ನದು, ಫೋನ್ ನಂಬರು ಕೈಯಲ್ಲಿದ್ದೂ ವಿಚಾರಿಸದೆ ಬರೆದೆ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, ಯಾಕೆ ವಿಚಾರಿಸಲಿಲ್ಲ ಎಂದು ಕೇಳಿದರು. "ನನಗೆ ಎಲ್ಲ ಗೊತ್ತು ಎಂದುಕೊಂಡಿದ್ದೆ" ಎಂದೆ. ನಕಲಿ ಎಂಬ ಮಾತನ್ನು ಕಡತದಿಂದ ತೆಗೆಸಿ, ಅನುಮತಿಯಿಲ್ಲದೆ ಗೈರಾದದ್ದಕ್ಕೆ ದಂಡ ಹಾಕದೆ, ಅಪರಾಧವನ್ನೂ ದಾಖಲಿಸದೆ ಬಿಟ್ಟರು. ಹೊರಗೆ ದಿನೇಶ್ ನನ್ನ ಎರಡೂ ಕೈ ಹಿಡಿದುಕೊಂಡ. ಶೈಲಜಾ ಕೂಸನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ತಡವಾದರೂ ಪಿಆರ್ ಬಂತೆಂದು ಆಮೇಲೆ ಕೇಳಿದೆ. ಬ್ಯಾರಿ ನನ್ನನ್ನು ಮೂಲೆಯ ಮೇಜಿಗೆ ದಾಟಿಸಿದ. ಮಾಡಿದ ಪಾಪ ತೊಳೆದುಕೊಂಡೆ ಎಂದು ನಾನು ಆ ಮೂಲೆಯಲ್ಲಿ ಸುಖವಾಗಿಯೇ ಕೂತಿದ್ದೆ.

ನಂತರ ನಾವು ಮೆಲ್ಬರ್ನಿಗೆ ಬಂದೆವು. ಇಲ್ಲಿಯೂ ಅದೇ ಬಗೆಯ ಕೆಲಸ, ಅದೇ ಬಗೆಯ ಬ್ಯಾರಿ, ಹೆಸರು ಮಾತ್ರ ಬೇರೆ. ನಾನು ನಿವೃತ್ತಳಾಗುವ ವರ್ಷ ಟ್ರುಗನಿನಾ ಕಡೆಯ ಒಂದು ಶಾಲೆಯವರು ವರ್ಷದ ಕೊನೆಯ ಸಭೆಗೆ ಕರೆದರು. ಒಂದು ದಿನವೂ ತಪ್ಪಿಸದ ಮಕ್ಕಳಿಗೆ ಸರ್ಟಿಫಿಕೇಟು ಹಂಚಬೇಕಿತ್ತು. ನಾಲ್ಕೇ ಹೆಸರು. ಮೂರನೆಯದು ಸ್ವಾತಿ, ಅವರೂ ಮೆಲ್ಬರ್ನಿಗೆ ಬಂದದ್ದು ನನಗೆ ಗೊತ್ತೇ ಇರಲಿಲ್ಲ. ಎತ್ತರವಾಗಿದ್ದಳು, ಆರನೇ ಕ್ಲಾಸು. ನನ್ನ ಗುರುತು ಸಿಗಲಿಲ್ಲ, ಥ್ಯಾಂಕ್ಯೂ ಎಂದು ಇಳಿದು ಹೋದಳು.

ಸಭೆ ಮುಗಿದ ಮೇಲೆ ಶೈಲಜಾ ಮೂರು ವರ್ಷದ ಮಗಳನ್ನು ನಡೆಸಿಕೊಂಡು ಬಂದರು. ನನಗೆ ಬಹಳ ಖುಷಿಯಾಯಿತು. ಕೃತಜ್ಞತೆ ಹೇಳಲು ಬಂದರೆಂದೇ ತಿಳಿದೆ, ಇಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ.

"ನೋಡಿದ್ರಾ ಮೇಡಂ, ಮೂರು ವರ್ಷ ಆಯ್ತು, ಒಂದು ದಿವಸ ಕೂಡ ತಪ್ಪಿಸ್ಲಿಲ್ಲ" ಎಂದರು.

"ಜ್ವರ ಗಿರ ಬಂದಾಗ?"

"ಮಾತ್ರೆ ಕೊಟ್ಟು ಕಳಿಸುದು."

"ನಿಮ್ಮ ಅಮ್ಮ ಹೇಗಿದ್ದಾರೆ?" ಎಂದು ಕೇಳಿದೆ.

"ಅಮ್ಮ ತೀರಿಹೋದ್ರಲ್ಲ ಮೇಡಂ, ಆಗಸ್ಟಲ್ಲಿ. ಹತ್ತು ದಿವಸ ಆಸ್ಪತ್ರೆಯಲ್ಲಿದ್ರು. ದಿನಾ ಫೋನಲ್ಲಿ ಕೇಳ್ತಿದ್ರು, ಯಾವಾಗ ಹೊರಡುದು ಅಂತ."

"ನೀವು ಹೋಗಿರಲಿಲ್ವಾ?"

ಗೊತ್ತಿದ್ದೂ ಯಾಕೆ ಕೇಳುತ್ತೀರಿ ಎನ್ನುವ ಹಾಗೆ ನನ್ನ ಮುಖ ನೋಡಿದರು. "ಟರ್ಮ್ ಅಲ್ವಾ ಮೇಡಂ? ಇವರದ್ದು ಶಿಫ್ಟ್, ಮಕ್ಕಳನ್ನು ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ. ಕರ್ಕೊಂಡು ಹೋದ್ರೆ ಪುನಃ ಕೋರ್ಟು. ಸಿಟಿಜನ್‌ಶಿಪ್ ಇನ್ನೂ ಆಗ್ಲಿಲ್ಲ ನಮ್ಮದು."

ಸಾವಿಗೆ, ಕಾಯಿಲೆಗೆ ರಜೆ ಉಂಟು, ಯಾರೂ ಕೇಳುತ್ತಿರಲಿಲ್ಲ, ಒಂದು ಮಾತು ಹೇಳಿದ್ದರೆ ಸಾಕಿತ್ತು ಎಂದೆ. ಶೈಲಜಾ ಬೈದಿದ್ದರೆ ಚೆನ್ನಾಗಿತ್ತು. "ಹೌದಾ" ಎಂದರು, ಅಷ್ಟೇ. ಸ್ವಾತಿಯ ಕೈಯಿಂದ ಸರ್ಟಿಫಿಕೇಟು ಇಸಿದುಕೊಂಡು, ಮಡಿಕೆ ಬೀಳದಂತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮಕ್ಕಳನ್ನು ಕರೆದುಕೊಂಡು ಕಾರಿನ ಕಡೆ ನಡೆದರು.

ಆ ವಾರ ನಾನು ನನ್ನ ಕಡೆಯ ವಾರ್ಷಿಕ ವರದಿ ಬರೆಯಬೇಕಿತ್ತು. ನೂರಕ್ಕೆ ನೂರು ಹಾಜರಾದ ಮಕ್ಕಳ ಹೆಸರನ್ನು "ಇಲಾಖೆಯ ಯಶಸ್ಸು" ಎಂಬ ಕಾಲಂನಲ್ಲಿ ಹಾಕಬೇಕು. ಸ್ವಾತಿಯ ಹೆಸರನ್ನೂ ಹಾಕಿದೆ. ಅಂಚಿನಲ್ಲಿ ಕಾರಣ ಬರೆಯಲು ಜಾಗವಿರಲಿಲ್ಲ.